ಕುಳ್ಳಿಯ ಎಡಗೈ

ಬೂಕನಕೆರೆ
೯ ಫೆಬ್ರವರಿ ೧೯೯೭, ಭಾನುವಾರ

ತಂಗಿ ಪುಟ್ಟತಾಯಿಗೆ,

ಬರೆಯಿಸಿಯೇ ಬಿಟ್ಟೆಯಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವಳು ನಾನು, ನಿನಗೆ ಗೊತ್ತಿಲ್ಲವೇ? ಒಂದು ಸಾಲು ಬರೆಯುವಷ್ಟರಲ್ಲಿ ಒಂದು ಕಟ್ಟು ಪೊರಕೆ ಕಟ್ಟಿ ಮುಗಿಸುತ್ತೇನೆ. ಹತ್ತೊಂಬತ್ತು ವರ್ಷ ಆದಮೇಲೆ ಅಕ್ಕ ಫೋನು ಮಾಡಿದರೆ, ಚೆನ್ನಾಗಿದ್ದೀಯಾ ಅನ್ನಲಿಲ್ಲ. "ನಿನ್ ಬಾಯಲ್ ಬಂದಿದ್ದ ಒಂದ್ಸಲ ಕೇಳಿವ್ನಿ. ಇನ್ನೇನಿದ್ರೂ ಬರ್ದು ಕಳ್ಸು" ಅಂದು ಇಟ್ಟುಬಿಟ್ಟೆ. ಬೂತಿನವನ ಎದುರಿಗೆ ನನ್ನ ಮುಖ ಏನಾಗಿರಬೇಕು? ಆ ಸಿಟ್ಟಿಗೇ ಹದಿನೆಂಟು ದಿನ ಬರೆಯಲಿಲ್ಲ. ತಡವಾಯಿತು, ಏನೂ ಅಂದುಕೊಳ್ಳಬೇಡ. ಅಂದುಕೊಂಡರೂ ಅಂದುಕೋ.

ಇಲ್ಲಿ ಎಲ್ಲ ಇದ್ದೇವೆ. ನಿನ್ನ ಭಾವ ಕರಿಯಯ್ಯನಿಗೆ ಮಂಡಿ ಬಿದ್ದುಹೋಗಿದೆ, ಜಗಲಿ ಬಿಟ್ಟು ಇಳಿಯುವುದಿಲ್ಲ. ಹಚ್ಚೆ ಹುಯ್ಯಿಸಿಕೊಳ್ಳುವವರು ಈಗ ಯಾರೂ ಇಲ್ಲ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಅಜ್ಜಿಯ ಕೈ ನೋಡಿ ಮೂಗು ಮುರಿಯುತ್ತಾರೆ. ನಮ್ಮ ಕೊರಮರ ಕೇರಿಯಲ್ಲಿ ಸೂಜಿ ಹಿಡಿಯುವ ಹೆಂಗಸು ಒಬ್ಬಳೂ ಉಳಿದಿಲ್ಲ. ಈಚಲು ಗರಿ ತಂದು ಪೊರಕೆ ಕಟ್ಟುವುದೇ ಕೆಲಸ.

ನಿನ್ನ ಸುದ್ದಿ ತಂದವಳು ಬಳೆ ಹಫೀಜಾ. ಪಟ್ಟಣದಲ್ಲಿ ಅವಳ ನಾದಿನಿ ಇದ್ದಾಳೆ. ಅಲ್ಲಿಂದ ಬಂದವಳೇ ಬುಟ್ಟಿ ಕೂಡ ಇಳಿಸದೆ, "ಅಕ್ಕಾ, ನಿಮ್ ಪುಟ್ಟತಾಯಿ ಹೆಸ್ರು ಮ್ಯೂಸಿಯಂ ಗೋಡೆ ಮ್ಯಾಲೈತೆ. ಅದುಕ್ಕೆ ಲೈಟ್ ಬೇರೆ ಬುಟ್ಟವ್ರೆ" ಅಂದಳು. ಯಾವ ಪುಟ್ಟತಾಯಿಯೋ, ನಮ್ಮ ಜನರನ್ನು ಯಾರು ಗೋಡೆಗೆ ಹಾಕುತ್ತಾರೆ, ಪೊಲೀಸು ಠಾಣೆಯಲ್ಲಿ ಬಿಟ್ಟರೆ ಎಂದು ನಾನು ಅಂದೆ. ಬುಡಕಟ್ಟಿನವರು ಈಗ ಬರೆಯುತ್ತಿರುವ ಚಿತ್ರಗಳಂತೆ, ಫೆಬ್ರವರಿ ಕೊನೆಯವರೆಗೂ ಇರುತ್ತವಂತೆ, ಒಂದರಲ್ಲಿ ಹಚ್ಚೆಯ ಕೈ ಇದೆ ಎಂದಳು. ಯಾರ ಕೈ ಎಂದು ಕೇಳಿದ್ದಕ್ಕೆ ಬುಟ್ಟಿ ಇಳಿಸಿ ಬಳೆ ಜೋಡಿಸುತ್ತ ಕೂತಳು. ಅವಳು ಓದಬಲ್ಲಳು. ಓದಿಯೇ ಬಂದಿದ್ದಳು.

ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಚಿನಕುರಳಿಯಲ್ಲಿ ನಿಂತಿತು. ನಾನು ಕಿಟಕಿಯ ಕಡೆ ನೋಡಲಿಲ್ಲ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಪಟ್ಟಣ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಒಳಗೆ ತಣ್ಣಗಿತ್ತು. ಯಾರೋ ಸೋಲಿಗರ ಹುಡುಗ ಜೇನುಗೂಡು ಬರೆದಿದ್ದ. ಚೆನ್ನಾಗಿತ್ತು. ನಿನ್ನದು ಕೊನೆಯ ಕೋಣೆಯಲ್ಲಿ, ಒಂದಾಳೆತ್ತರದ ಬಟ್ಟೆಯ ಮೇಲೆ. ಬರೀ ದೀಪದ ಕಪ್ಪು. ಅವ್ವ ಕಪ್ಪು ಕೂರಿಸಿ, ಗರಗದ ಸೊಪ್ಪಿನ ರಸ ಹಾಕಿ ಅರೆಯುತ್ತಿದ್ದಳಲ್ಲ, ಆ ಕಪ್ಪು. ದೂರದಿಂದಲೇ ಗೊತ್ತಾಯಿತು ಪುಟ್ಟಿ. ಮೊಣಕೈ ಹತ್ತಿರದ ಸುಟ್ಟ ಕಲೆಯನ್ನೂ ಬಿಟ್ಟಿಲ್ಲ ನೀನು. ನಿನ್ನ ಭಾವ ತಂದು ತೊಡಿಸಿದ್ದ ಎರಡು ಗಾಜಿನ ಬಳೆ. ಕೃಷ್ಣನ ತೊಟ್ಟಿಲು, ಅದರ ಹಗ್ಗ, ಹಗ್ಗದ ಕೊನೆಗೆ ಬರಬೇಕಾದ ಐದು ಚುಕ್ಕಿ ಇಲ್ಲ. ಅವತ್ತು ಅವಳು ಅಳುತ್ತಾಳೆಂದು, ಉಳಿದದ್ದು ಗಾಯ ಆರಿದಮೇಲೆ ಹುಯ್ಯುತ್ತೇನೆಂದು ನೀನು ಎಲ್ಲಿ ನಿಲ್ಲಿಸಿದ್ದೆಯೋ ಅಲ್ಲಿಗೇ ನಿಂತಿದೆ.

ಪಕ್ಕದಲ್ಲಿ ಒಬ್ಬ ಕನ್ನಡಕದವನು, ಖಾಲಿ ಬಿಟ್ಟಿರುವುದೇ ಇದರ ಸೊಬಗು ಎಂದು ಹೆಂಡತಿಗೆ ತಿಳಿಸಿ ಹೇಳುತ್ತಿದ್ದ. ಅವನ ತಲೆಗೆ ಏನಾದರೂ ಎತ್ತಿ ಹಾಕೋಣ ಎನಿಸಿತು. ಹಫೀಜಾ ಸೆರಗು ಹಿಡಿದಿದ್ದಳು.

ನನಗೆ ತಿಳಿಯದೆಯೇ ಕೈ ಚಾಚಿಬಿಟ್ಟೆ. ಕಾವಲಿನವನು, ಮರಿಸ್ವಾಮಿ ಅಂತೆ ಅವನ ಹೆಸರು, ಓಡಿಬಂದು ಮುಟ್ಟಬಾರದಮ್ಮ ಎಂದ. "ಮುಟ್ಬ್ಯಾಡ ಅನ್ನಕೆ ನೀನ್ಯಾರ್ಲಾ? ನಾನ್ ಎತ್ತಿದ್ ಕೈ ಕಣ್ಲಾ ಅದು" ಅಂದೆ. ಅವನು ಚಿತ್ರ ನೋಡಿದ, ನನ್ನ ನೋಡಿದ. ಆಮೇಲೆ ತಾನು ಕೂರುವ ಕುರ್ಚಿ ತಂದಿಟ್ಟ. "ಕೂತ್ಕಂಡ್ ನೋಡವ್ವ. ಮುಟ್ಟುದ್ರೆ ನನ್ ಕೆಲ್ಸ ಓಯ್ತದೆ" ಅಂದ. ಕೂತೆ. ನಿನ್ನ ನಂಬರು ಕೊಡಿಸಿದವನೂ ಅವನೇ. ಪೇಟೆ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡಿದ್ದೀಯಂತೆ, ಚಿತ್ರದ ಮೇಷ್ಟರೊಬ್ಬರು ನಿನಗೆ ಬಟ್ಟೆ, ಕಾಗದ ಕೊಟ್ಟರಂತೆ. ಉಂಡೆಯೋ ಇಲ್ಲವೋ ಎಂದು ಇಷ್ಟು ವರ್ಷ ನಾನು ಅಂದುಕೊಂಡದ್ದೇ ಬಂತು.

ಕೂತ ಮೇಲೆ ಕೆಳಗಿನ ಚೀಟಿ ಕಂಡಿತು. ಅಕ್ಷರ ಅಕ್ಷರ ಕೂಡಿಸಿ ಓದಿದೆ. 'ಕುಳ್ಳಿ. ನನ್ನ ಅಕ್ಕನ ಮಗಳು. ಒಂಬತ್ತು ವರ್ಷ. ನಾನು ಹುಯ್ದ ಹಚ್ಚೆಯಿಂದ ತೀರಿಕೊಂಡಳು.' ಕೆಳಗೆ ನಿನ್ನ ಹೆಸರು.

ಅದನ್ನು ತೆಗೆಸು. ನಾನು ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ಚಿತ್ರ ಇರಲಿ, ಚೀಟಿ ಬೇಡ. ಬಂದವರೆಲ್ಲ ಅದನ್ನು ಓದಿ, ಅಯ್ಯೋ ಎಂದು ಮುಂದಕ್ಕೆ ಹೋಗುತ್ತಾರೆ. ನನಗೆ ಅದನ್ನು ತಡೆಯಲಾಗುವುದಿಲ್ಲ. ತೆಗೆಯಿರಿ ಎಂದು ಅಲ್ಲಿಯೇ ಗಲಾಟೆ ಮಾಡಿದೆ. ಬರೆದವರು ಹೇಳಬೇಕು, ನೀವು ಹೇಳಿದರೆ ಆಗುವುದಿಲ್ಲ ಎಂದರು.

ಕೇರಿಯ ಜನರ ಎದುರಿಗೆ ನೀನೇ ಕೊಂದೆ ಎಂದು ಅಂದವಳು ನಾನು. ಮಣ್ಣು ಮಾಡಿ ಬಂದ ಕೈಯಲ್ಲೇ ನಿನ್ನ ಸೀರೆ ಗಂಟು ಬೀದಿಗೆ ಎಸೆದವಳೂ ನಾನು. ನೀನು ಗಂಟು ಎತ್ತಿಕೊಂಡು ಹೊರಟೆ. ತಿರುಗಿ ಬೈದಿದ್ದರೆ ಆಗುತ್ತಿತ್ತು. ನಿನ್ನ ಭಾವ ಮಾತ್ರ ಕರೆದುಕೊಂಡು ಬರುತ್ತೇನೆಂದು ಕೆ.ಆರ್. ಪೇಟೆ ಬಸ್ ಸ್ಟಾಂಡಿನವರೆಗೂ ಹೋಗಿದ್ದ. ಆಗ ಅವನ ಮೇಲೂ ಹರಿಹಾಯ್ದೆ.

ಪಟ್ಟಣದಿಂದ ಬಂದ ದಿನ ಅವನು ಜಗಲಿಯಲ್ಲಿ ಕಾಯುತ್ತಿದ್ದ. ಹೋದದ್ದು ಯಾಕೆಂದು ನಾನು ಹೇಳಿರಲಿಲ್ಲ, ಹಫೀಜಾ ಮೊದಲೇ ಹೇಳಿದ್ದಳು. "ಬಳೆ ಬರ್ದವ್ಳಾ?" ಎಂದು ಕೇಳಿದ. ಎರಡು ಬರೆದಿದ್ದಾಳೆ ಅಂದೆ. "ಸರಿ ಬುಡು" ಎಂದು ಒಳಗೆ ಹೋಗಿ ಮಲಗಿದ. ಉಣ್ಣಲು ಏಳಲಿಲ್ಲ.

ಮೈ ನೋಡಿಕೋ. ಒಲೆಯ ಮುಂದೆ ನಿಂತು ನಿಂತು ನಿನಗೂ ಕಾಲು ನೋಯುತ್ತಿರಬೇಕು. ಅವ್ವನ ಹಾಗೆ ಗೆರೆ ಎಳೆಯುವುದು ನಿನಗೆ ಒಬ್ಬಳಿಗೇ ಬಂದಿದ್ದು. ಆ ಕೈ ಇನ್ನೂ ಬಹಳ ವರ್ಷ ನಡುಗದೆ ಇರಲಿ. ಚಿಕ್ಕವಳು ನೀನು, ನನ್ನ ಆಯಸ್ಸು ಉಳಿದಿದ್ದರೆ ಅದೂ ನಿನಗೇ ಸೇರಲಿ.

ಇಂತು ನಿನ್ನ ಅಕ್ಕ
ಮಾರಮ್ಮ

ಮೇಲೆ ಬರೆಯದೆ ಬಿಟ್ಟದ್ದು: ನಾನು ಹೇಳಿದ ಮಾತ್ರಕ್ಕೆ ನೀನು ಚೀಟಿ ತೆಗೆಸುವವಳಲ್ಲ. ಯಾಕೆ ಎಂದು ಕೇಳುತ್ತೀಯ. ಹೆತ್ತವಳು ಮಗಳಿಗೆ ಸೂಜಿ ಇಡಬಾರದೆಂದು ನಿನ್ನ ಕೈಗೆ ಕೊಟ್ಟೆನಲ್ಲ, ಆ ಬೆಳಿಗ್ಗೆ ನಾನು ಚಿನಕುರಳಿಯಲ್ಲಿ ಗೌಡರ ಮನೆಯವರೊಬ್ಬರಿಗೆ ಹಚ್ಚೆ ಹುಯ್ದು ಬಂದಿದ್ದೆ. ಅವರು ಒಳಗೆ ಸೇರಿಸಲಿಲ್ಲ, ಕೊಟ್ಟಿಗೆಯಲ್ಲಿ ಕೂರಿಸಿದ್ದರು. ಏಳುವಾಗ ಸೂಜಿಯ ಕಟ್ಟು ಸಗಣಿಯಲ್ಲಿ ಬಿತ್ತು. ಸೆರಗಿನಲ್ಲಿ ಒರೆಸಿ ಸಿಕ್ಕಿಸಿಕೊಂಡೆ. ಮನೆಗೆ ಬಂದಾಗ ನೀನು, "ಸೂಜಿ ಕಾಸಿದ್ದೀಯೇನಕ್ಕ?" ಎಂದು ಕೇಳಿದೆ. ಒಲೆ ಆರಿತ್ತು. ಮತ್ತೆ ಹೊತ್ತಿಸಿ ನೀರು ಕಾಯಿಸಲು ಸೋಮಾರಿತನ. ಕಾಸಿದ್ದೇನೆ, ಹುಯ್ಯಿ ಎಂದೆ. ಎಂಟನೆಯ ದಿನ ಮಗುವಿನ ದವಡೆ ಕಚ್ಚಿಕೊಂಡಾಗ, ಆಸ್ಪತ್ರೆಯ ಡಾಕ್ಟರು ಇದು ಧನುರ್ವಾಯು, ಸೂಜಿಗೆ ಸಗಣಿ, ಮಣ್ಣು ಸೋಕಿತ್ತಾ ಎಂದು ಕೇಳಿದರು. ನೀನು ಇಲ್ಲ ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ನಿನ್ನ ಭಾವನಿಗೆ ಇವತ್ತಿನವರೆಗೂ ಹೇಳಿಲ್ಲ. ನಿನ್ನ ಉತ್ತರ ಬಂದಮೇಲೆ ಹೇಳುತ್ತೇನೆ, ಅದಕ್ಕೆ ಮೊದಲು ನನ್ನಿಂದ ಆಗುವುದಿಲ್ಲ. ಚೀಟಿ ಇರಲೇಬೇಕಾದರೆ ಅದರಲ್ಲಿ ನನ್ನ ಹೆಸರು ಬರೆಯಿಸು. ಇಪ್ಪತ್ತೆಂಟಕ್ಕೆ ಚಿತ್ರ ಇಳಿಸುತ್ತಾರಂತೆ. ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಬರೆ.