ಎಡಗಡೆಯ ಹಾಳೆ

ಒನೊಮಿಚಿ
ಜುಲೈ ೯

ಪ್ರೀತಿಯ ಚಿಗುಸಾ ಅಕ್ಕನಿಗೆ,

ಅಂದರೆ ಅವಳು ಕುಣಿಯುತ್ತಲೇ ಇರಲಿಲ್ಲ ಅಕ್ಕ! ಅಮ್ಮನ ಕೋಣೆಯ ಗೋಡೆಯಲ್ಲಿದ್ದ ಮರದಚ್ಚಿನ ಚಿತ್ರದ ಹೆಂಗಸು.

ಕ್ಷಮಿಸು, ಕುಶಲವನ್ನೂ ಕೇಳದೆ ಶುರು ಮಾಡಿಬಿಟ್ಟೆ. ಅಪ್ಪ ಅಮ್ಮ ಬೇರೆಯಾಗಿ ನೀನು ಅಪ್ಪನ ಜೊತೆ ಅಷ್ಟು ದೂರದ ಉತ್ತರಕ್ಕೆ, ಹಾಕೊದಾತೆಗೆ ಹೋದಾಗ ನಾನಿನ್ನೂ ಕಂಕುಳ ಕೂಸು. ನಿನ್ನ ವಿಳಾಸ ಪುರಸಭೆಯಲ್ಲಿ ಸಿಕ್ಕಿದ ಮೇಲೂ, ‘ನೀನು’ ಅನ್ನಲೋ ‘ನೀವು’ ಅನ್ನಲೋ ತಿಳಿಯದೆ ತಡಮಾಡಿದೆ. ಅಮ್ಮ ಮೇ ತಿಂಗಳಲ್ಲಿ ತೀರಿಕೊಂಡಳು. ಇದನ್ನು ಹೇಗೆ ಬರೆದರೂ ಒರಟಾಗಿಯೇ ಕಾಣುತ್ತದೆ.

ಆ ಹೆಂಗಸು ಮೈಯನ್ನು ಹಿಂದಕ್ಕೆ ಬಾಗಿಸಿ, ಎರಡೂ ಕೈಯಲ್ಲಿ ಉದ್ದನೆಯ ನೀಲಿ ಬಟ್ಟೆ ಹಿಡಿದಿದ್ದಾಳೆ. ಬಟ್ಟೆ ಹಾಳೆಯ ಎಡ ಅಂಚಿನಾಚೆ ಹೋಗಿಬಿಡುತ್ತದೆ. “ಕುಣೀತಿದಾಳೆ ಕಣೇ” ಅನ್ನುತ್ತಿದ್ದಳು ಅಮ್ಮ. ಚಳಿಗಾಲದಲ್ಲಿ ನಮ್ಮ ಚಿತ್ರದ ಹುಚ್ಚರ ಗುಂಪಿಗೆ ಫೋಟೊ ಹಾಕಿದೆ. ನಾವೆಲ್ಲ ತಾತ ಅಂತ ಕರೆಯುವ ನೊಬುಸಾವಾ ಕೂಡಲೇ ಬರೆದರು: “ಕುಣಿಯೋದಾ? ಹಿಮ್ಮಡಿ ಊರಿರೋದು ನೋಡಮ್ಮ ತಾಯಿ! ಒಗೆದ ಬಟ್ಟೆ ಎಳೀತಿದಾಳೆ. ಆ ತುದಿ ಹಿಡಿದವರು ಬಿಟ್ರೆ ದಬಕ್ಕಂತ ಬೀಳ್ತಾಳೆ. ಇದು ಜೋಡಿ ಹಾಳೆ ಚಿತ್ರ, ಎಡಗಡೆ ಹಾಳೆ ಎಲ್ಲಿ? ಮಾರ್ಕೊಂಡು ತಿಂದ್ಯಾ?”

ಆಸ್ಪತ್ರೆಯಲ್ಲಿ ಅದನ್ನು ಅಮ್ಮನಿಗೆ ನಗುತ್ತ ಓದಿ ಹೇಳಿದೆ. ಅವಳು ನಗಲಿಲ್ಲ.

“ಅದು ಚಿಗುಸಾ ಹತ್ರ ಇದೆ. ಹೊರಟಾಗ ಅವಳ ಪೆಟ್ಟಿಗೇಲಿ ಬಟ್ಟೆ ಕೆಳಗೆ ನಾನೇ ಇಟ್ಟೆ.”

“ಮತ್ತೆ ಕುಣೀತಾಳೆ ಅಂತ ಯಾಕಮ್ಮಾ ಹೇಳಿದ್ದು?”

“ಇನ್ನೇನ್ ಹೇಳ್ಲಿ? ಎಳೀತಾಳೆ ಅಂದಿದ್ರೆ, ಆ ಕಡೆ ಯಾರಿದಾರೆ ಅಂತ ಕೇಳ್ತಿದ್ದೆ ನೀನು.”

ಬೇರೆಯಾದ ಮನೆಗಳಲ್ಲಿ ಆ ಕಡೆಯವರ ಹೆಸರೆತ್ತುವುದಿಲ್ಲವಲ್ಲ, ಅವಳೂ ಅಲ್ಲಿಯವರೆಗೆ ಎತ್ತಿರಲಿಲ್ಲ. ಈಗ ಚಿತ್ರ ನೋಡಿದರೆ ಹೆಂಗಸು ಕಾಣುವುದೇ ಇಲ್ಲ ಅಕ್ಕ. ಅವಳ ಇಡೀ ಭಾರ ಹೊತ್ತಿರುವ, ಹಾಳೆಯಲ್ಲಿಲ್ಲದ ಕೈಗಳೇ ಕಾಣುತ್ತವೆ.

ಆಗಸ್ಟಿನಲ್ಲಿ ಅಮ್ಮನ ಮೊದಲ ಓಬೋನ್. ತೀರಿಹೋದವರು ಮನೆಗೆ ಬರುವ ಆ ದಿನ ಎರಡೂ ಹಾಳೆ ಪಕ್ಕಪಕ್ಕ ಇರಲಿ ಅಂತ ಆಸೆ. ಅಲ್ಲಿ ಬೇಸಿಗೆಯಲ್ಲೂ ಚಳಿಯಂತೆ, ಮೈ ಹುಷಾರು. ನಿನಗೆ ಒಳ್ಳೆಯದಾಗಲಿ.

ನಿನ್ನ ತಂಗಿ,
ಕಾಹೋ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಕೊನೆಯ ದಿನ ಅಮ್ಮನಿಗೆ ನನ್ನ ಗುರುತು ಹತ್ತಲಿಲ್ಲ. “ಚಿಗುಸಾ, ಬಂದ್ಯಾ?” ಅಂದಳು. “ಹೂಂ ಅಮ್ಮ, ಬಂದೆ” ಅಂದೆ. ನನ್ನ ಕೆನ್ನೆ ಸವರಿ ನಿನಗೊಂದು ಮಾತು ಹೇಳಿದಳು. ಕಾಹೋಗೆ ಏನೂ ಹೇಳಲಿಲ್ಲ. ಬೇರೆಯವರಿಗೆಂದು ಹೇಳಿದ ಮಾತು ಹೊತ್ತು ತಿರುಗುವುದು ನನ್ನಿಂದಾಗುತ್ತಿಲ್ಲ, ಕಾಗದದಲ್ಲಂತೂ ಬರೆಯುವುದಿಲ್ಲ. ಎದುರು ಕೂತು ನನ್ನ ಬಾಯಿಂದ ಅದನ್ನು ಕೇಳಿಸಿಕೊಳ್ಳುವ ಧೈರ್ಯ ನಿನಗಿದೆಯಾ?