ಮೆಟ್ಟಿಲಿಂದ ರಸ್ತೆಗೆ ಮೂವತ್ತೊಂದು ಹೆಜ್ಜೆ

ಮಾರ್ಚ್ 5, ಮಂಗಳವಾರ

ಒಹಾಯೊ ನದಿ ಕಡೆಯಿಂದ ಕೊರೆಯುವ ಗಾಳಿ. ನಾನು ಓಡಿಸುವ ಕಸದ ಲಾರಿಯ ಹೀಟರ್ ಮತ್ತೆ ಕೆಟ್ಟಿದೆ. ನನ್ನ ರೂಟಿನ ಟ್ಯಾಕೆಟ್ ಅಜ್ಜನ ಕಸದ ಡಬ್ಬಿ ಎಂದಿನಂತೆ ಮನೆ ಮೆಟ್ಟಿಲ ಪಕ್ಕ. ಮಂಡಿ ನೋವು, ಎಳೆಯಲಾರರು. ಇಳಿದು ನಾನೇ ತಂದೆ. ರಸ್ತೆ ಅಂಚು ದಾಟಿ ಯಾರ ಅಂಗಳಕ್ಕೂ ಹೋಗಬಾರದೆಂದು ಕಂಪನಿ ನಿಯಮ. ಎಂಟು ವರ್ಷದಿಂದ ದಾಟುತ್ತಿದ್ದೇನೆ...

ಇವತ್ತು ಅವರ ಕಸ ಬೇರೆ ಇಟ್ಟು ಕೊಡಬೇಕೆಂದು ಪೊಲೀಸ್ ಡಿಟೆಕ್ಟಿವ್ ಹ್ಯಾಸ್ಕೆಲ್ ಕೇಳಿದ್ದ. ಕೊಟ್ಟೆ. ಕಸ ತಾನೇ.

ಮಾರ್ಚ್ 14

ಅಜ್ಜನನ್ನು ಹಿಡಿದು, ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಕಸದಲ್ಲಿ ಹೆಸರಿನ ಚೀಟಿ ಕಿತ್ತ ಮಾತ್ರೆ ಬಾಟಲಿಗಳಿದ್ದವಂತೆ. ಅದನ್ನೇ ತೋರಿಸಿ ವಾರಂಟು ಪಡೆದು ಮನೆ ಶೋಧಿಸಿದರಂತೆ. ನೋವಿನ ಮಾತ್ರೆ ಮಾರಿದ ಆರೋಪ. ಮಾರಿದರೋ ಇಲ್ಲವೋ, ನಾನರಿಯೆ. ಕಸ ಕೊಟ್ಟವಳಂತೂ ನಾನೇ.

ಜೂನ್ 11

ಅಜ್ಜನಿಗೆ ಕೋರ್ಟು ಕೊಟ್ಟ ವಕೀಲೆ ಬ್ರಾಡಿ ಬಂದಿದ್ದಳು. ಕೈಗೆ ಸಮನ್ಸ್. 20ಕ್ಕೆ ಸಾಕ್ಷಿ ಹೇಳಬೇಕು.

"ರಸ್ತೆ ಅಂಚಲ್ಲಿಟ್ಟ ಕಸ ಗುಟ್ಟಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಮೆಟ್ಟಿಲ ಪಕ್ಕ ಇದ್ರೆ ಅದು ಮನೆ ಇದ್ದಂಗೆ. ಪೊಲೀಸ್ರು ಹೇಳಿ ನೀವು ತಂದ್ರೆ, ಪೊಲೀಸ್ರೇ ವಾರಂಟಿಲ್ದೆ ನುಗ್ಗಿದಂಗೆ. ಡಬ್ಬಿ ಎಲ್ಲಿತ್ತು, ಅದಷ್ಟೇ ಹೇಳಿ."

ಜೂನ್ 13, ಊಟದ ಬಿಡುವು

ಲೈಬ್ರರಿಯಲ್ಲಿ ಸಂವಿಧಾನದ ನಾಲ್ಕನೆಯ ತಿದ್ದುಪಡಿ ಓದಿದೆ. ಒಂದೇ ವಾಕ್ಯ! ದೇಹ, ಮನೆ, ಕಾಗದಪತ್ರ, ಸಾಮಾನು, ಇವನ್ನು ಸಕಾರಣವಿಲ್ಲದೆ ಶೋಧಿಸುವಂತಿಲ್ಲ. ಕಸದ ಮಾತೇ ಇಲ್ಲ. ಜಡ್ಜುಗಳು ಇಷ್ಟೆಲ್ಲ ಎಲ್ಲಿಂದ ತೆಗೆದರು? ಪೊಲೀಸರು ಬಾಗಿಲಿಗೆ ನಾಯಿ ತಂದು ಮೂಸಿಸಿದರೆ ತಪ್ಪಂತೆ. ಹೆಲಿಕಾಪ್ಟರಿನಿಂದ ಹಿತ್ತಲಿಗೆ ಇಣುಕಿದರೆ ಸರಿಯಂತೆ. ನಗು ಬಂತು. ಇನ್ನೂ ಎರಡು ತೀರ್ಪು ಪ್ರಿಂಟ್ ಹಾಕಿಸಿಕೊಂಡೆ.

ಜೂನ್ 18, ಮಂಗಳವಾರ

ಹೆಜ್ಜೆ ಎಣಿಸಿದೆ. ಮೆಟ್ಟಿಲಿಂದ ರಸ್ತೆಗೆ ಮೂವತ್ತೊಂದು.

ಸೂಪರ್‌ವೈಸರ್ ಕ್ಲೆಮ್ ಪಕ್ಕಕ್ಕೆ ಕರೆದ. "ಅಂಚಲ್ಲೇ ಇತ್ತು ಅಂದ್ಬಿಡು ಡೆಲ್ಲಾ. ಯಾರ್ ನೋಡಿದಾರೆ? ಒಳಗ್ ಹೋಗಿದ್ದೆ ಅಂದ್ರೆ ನಿನ್ ಕೆಲಸ ಉಳ್ಸೋಕೆ ನನ್ ಕೈಲಾಗಲ್ಲ."

ಭಯವಾಗಿದೆ. ಬೇರೆ ಕೆಲಸ ನನಗೆ ಗೊತ್ತಿಲ್ಲ.

ಜೂನ್ 20

ಹೇಳಿಬಿಟ್ಟೆ. ಮೂವತ್ತೊಂದು.

ಜಡ್ಜಮ್ಮ ಕಸವನ್ನೂ ವಾರಂಟನ್ನೂ ತಳ್ಳಿಹಾಕಿದರು. ಬ್ರಾಡಿ ಪ್ರಕಾರ ಇನ್ನು ಕೇಸು ನಿಲ್ಲುವುದಿಲ್ಲ. ಅಜ್ಜ ನನ್ನ ಕಡೆ ನೋಡಲೇ ಇಲ್ಲ. ಸಂಜೆಯೊಳಗೆ ಕಂಪನಿಯ ಕಾಗದ ಬಂತು. ಕೆಲಸ ಹೋಯಿತು, ಲಾರಿ ಕೀ ಒಪ್ಪಿಸಬೇಕು.

ಜುಲೈ 2, ಮಂಗಳವಾರ, 9.40

ಅಜ್ಜನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹೊಸ ಡ್ರೈವರ್ ಇಳಿಯುವುದಿಲ್ಲ, ಹೋದ ವಾರದ ಕಸವೂ ಇಲ್ಲೇ ನಾರುತ್ತಿತ್ತು. ಎಳೆದುಕೊಂಡು ಹೊರಟೆ. ಹದಿನೈದನೇ ಹೆಜ್ಜೆಗೆ ಹೊಳೆಯಿತು — ಅಂಚು ಮುಟ್ಟಿಸಿದರೆ ಹ್ಯಾಸ್ಕೆಲ್ ಬಂದು ಎತ್ತಿಕೊಳ್ಳಬಹುದು, ಕಾನೂನು ಪ್ರಕಾರವೇ. ಡಬ್ಬಿ ನಡುದಾರಿಯಲ್ಲೇ ಬಿಟ್ಟು ವಾಪಸು ಬಂದೆ.

ತಡೆಯಲಾಗಲಿಲ್ಲ. ಅದರಲ್ಲಿ ಏನಿದೆ ಎಂದು ಅಜ್ಜನನ್ನು ಕೇಳಿಯೇಬಿಟ್ಟೆ.

"ಕಸ ಕಣಮ್ಮ," ಎಂದರು. ಮುಖ ತಿರುಗಿಸಿದ್ದು ಬಿಸಿಲಿಗೋ, ನನಗೋ.

ಲಾರಿ ತಿರುವಿಗೆ ಬಂತು. ಉಳಿದದ್ದು ಹದಿನಾರು ಹೆಜ್ಜೆ. ಅಜ್ಜ ಡಬ್ಬಿಯನ್ನೇ ನೋಡುತ್ತಿದ್ದಾರೆ. ಅಂಚಿಗೆ ಮುಟ್ಟಿಸಲೋ, ಮೆಟ್ಟಿಲಿಗೇ ವಾಪಸು ತರಲೋ? ನಾನು ಎದ್ದು —