ಸೊನ್ನೆಗಿಂತ ಕೆಳಗಿನ ಮಸಿ

ಭುಜಂಗ,

ನಿನ್ನ ಪ್ರಸಿದ್ಧ ಪ್ರೋಗ್ರಾಂ ಇವತ್ತು ಮಣಿಪಾಲದ ನಮ್ಮ ಲ್ಯಾಬಿಗೂ ಬಂತು. ಡೀಸೆಲ್ ಎಂಜಿನ್ನಿನೊಳಗೆ ಮಸಿ ಹೇಗೆ ಹುಟ್ಟುತ್ತದೆಂದು ಲೆಕ್ಕ ಹಾಕುತ್ತದಂತೆ. ಅಂತೆ ಏನು, ಕಾರ್ಕಳದ ಬಾಡಿಗೆ ರೂಮಿನಲ್ಲಿ ಅದನ್ನು ಬರೆದವನೇ ನಾನು. "ಪ್ರಬಂಧದ ಇಂಗ್ಲಿಷ್ ನನಗೆ ಬಿಡು ಮಾರಾಯ, ಹೆಸರು ಇಬ್ಬರದ್ದೂ ಇರ್ತದೆ ಅಲ್ವಾ?" ಎಂದಿದ್ದೆ ನೀನು. ನೀನು ಜರ್ಮನಿ ತಲುಪುವಷ್ಟರಲ್ಲಿ ಒಂದೇ ಹೆಸರು ಉಳಿದಿತ್ತು, ನಿನ್ನದು.

ನನ್ನ ವಿದ್ಯಾರ್ಥಿನಿ ಪ್ರಣೀತಾ ಯಾವುದೋ ತಪ್ಪು ಅಂಕಿ ಕೊಟ್ಟಳು. ಮಸಿ ಸೊನ್ನೆಗಿಂತ ಕಡಿಮೆ ಎಂಬ ಉತ್ತರ ಬಂದು ಪ್ರೋಗ್ರಾಂ ನಿಂತಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು:

ಮಸಿಯ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯಿತು,
ಹುಸಿಯ ಅಂಕಿ ಕೊಟ್ಟ ಜಾಣ ಯಾರು ತಿಳಿಯಿತು!

ಆ ರೂಮಿನಲ್ಲಿ ನೀನು ಕೊಡುತ್ತಿದ್ದ ಅಂಕಿ ಯಾವಾಗಲೂ ತಪ್ಪುತ್ತಿತ್ತು. ನಿನ್ನನ್ನು ಕೆಣಕಲೆಂದು ನಾನು ತುರುಕಿದ್ದ ಪ್ರಾಸ ಅದು.

"ಇದೆಂತ ಸರ್! ಭುಜಂಗ ಸರ್ ಕವಿಯೂ ಹೌದಾ?"

"ಹೌದು" ಎಂದೆ.

ನನ್ನ ಹೆಸರು ಅಳಿಸಿದವನು ನನ್ನ ಪ್ರಾಸವನ್ನೇಕೆ ಉಳಿಸಿದೆ? ನಿನ್ನ ಕಣ್ಣಿಗೆ ಬೀಳದೆ ಉಳಿದಿದ್ದರೆ ನನ್ನ ಸಿಟ್ಟಿಗೇನೂ ತೊಂದರೆಯಿಲ್ಲ. ಬೇಕೆಂದೇ ಉಳಿಸಿದ್ದರೆ, ಇಷ್ಟು ವರ್ಷ ಸಾಕಿದ ಸಿಟ್ಟನ್ನು ಎಲ್ಲಿಡಲಿ? ಅದಕ್ಕೇ ಈ ಪತ್ರವನ್ನು ಕಳಿಸುವುದಿಲ್ಲ. ಕಳಿಸಿದರೆ ನೀನು ಉತ್ತರ ಬರೆದುಬಿಡುತ್ತೀ.